ಹೈವೇ ಕಂಟ್ರಾಕ್ಟರ್ ಮಾರ್ತಿರೋ ಹಳೇ ಲೈಟ್ ಟವರ್ ತಗೋಬಹುದಾ ಸರ್?

ಪ್ರಶ್ನೆ: ಸರ್, ನಮ್ದು ಸಾಗರದ ಹತ್ರ ಶಾಮಿಯಾನ, ಸೌಂಡ್ಸು, ಲೈಟಿಂಗ್ಸ್ ಬಾಡಿಗೆ ಕೊಡೋ ಬಿಸಿನೆಸ್. ಅಪ್ಪನ ಕಾಲದಲ್ಲಿ ಗ್ಯಾಸ್‌ಲೈಟ್ ಬಾಡಿಗೆಗೆ ಕೊಡ್ತಿದ್ರು, ಅಲ್ಲಿಂದ ಬೆಳೆದು ಬಂದಿದ್ದು. ಈಗ ಡಿಸೆಂಬರಿಂದ ಮೇ ತನಕ ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿ ಟೂರ್ನಮೆಂಟು ಜಾಸ್ತಿ, ಕೊಯ್ಲಾದ ಗದ್ದೆಲಿ ಅಡಿಕೆ ಮರದ ಕಂಬ ನೆಟ್ಟು ಫೋಕಸ್ ಲೈಟ್ ಕಟ್ಟೋದ್ರಲ್ಲೇ ಒಂದು ದಿನ ಹೋಗುತ್ತೆ. ಹೈವೇ ಕೆಲಸ ಮುಗಿಸಿದ ಕಂಟ್ರಾಕ್ಟರ್ ಒಬ್ರು ಡೀಸೆಲ್ ಜನರೇಟರ್ ಸಮೇತ ಟ್ರೈಲರ್ ಲೈಟ್ ಟವರ್ ಮಾರ್ತಿದಾರೆ, 1000 ವ್ಯಾಟಿನ ನಾಲ್ಕು ಮೆಟಲ್ ಹಾಲೈಡ್ ಲೈಟು, ಹೊಸದರ ಕಾಲು ಭಾಗದ ರೇಟು. ಹೋದ ವರ್ಷ ಇಂಥದ್ದೇ ಒಂದನ್ನ ಬಾಡಿಗೆಗೆ ತಂದಿದ್ದೆ. ಫೈನಲ್ ಮ್ಯಾಚ್ ನಡೀತಾ ಇರಬೇಕಾದ್ರೆ ಅದೇ ಜನರೇಟರ್ ಲೈನಿಗೆ ಜ್ಯೂಸ್ ಅಂಗಡಿಯವರು ಮಿಕ್ಸಿ ಹಾಕಿದ್ರು, ನಾಲ್ಕೂ ಲೈಟ್ ಆಫ್, ಮತ್ತೆ ಹತ್ತೋಕೆ ಹದಿನೈದು ನಿಮಿಷ. ಆಪರೇಟರ್ "ಬಲ್ಬು ಬಿಸಿ ಇದೆ, ತಣ್ಣಗಾಗ್ಲಿ" ಅಂದ, ಜನ ಅವನ್ನ ಹೊಡೆಯೋಕೇ ಹೋದ್ರು. ಗೆಳೆಯರು ಎಲ್ಇಡಿ ದೂರಕ್ಕೆ ಹೊಡೆಯಲ್ಲ, ಮಂಜಿಗೆ ಹಳದಿ ಲೈಟೇ ಬೇಕು ಅಂತಾರೆ. ಮಾರೋವ್ರು ಇದು ಮಿಲಿಟರಿ ಐಟಂ, ಸಾಯೋದೇ ಇಲ್ಲ ಅಂತಾರೆ. ತಗೊಂಡು ಎರಡು ವರ್ಷಕ್ಕೆ ಹಳೇ ಟೆಕ್ನಾಲಜಿ ಅಂತ ಮೂಲೆ ಸೇರಿದ್ರೆ ಏನ್ ಮಾಡ್ಲಿ?

ಉತ್ತರ: ನಿಮ್ಮ ಚಿಂತೆ ಅರ್ಥ ಆಯ್ತು. ಫೈನಲ್ ದಿನದ ಅವಮಾನ ಮತ್ತೆ ಆಗಬಾರದು, ಹಾಕಿದ ದುಡ್ಡು ಮುಳುಗಬಾರದು, ಇವೆರಡೇ ತಾನೇ. ಮೊದಲೇ ನೇರವಾಗಿ ಹೇಳ್ತೀನಿ, ಆ ಟವರನ್ನ ಬಲ್ಬಿನ ಆಸೆಗೆ ತಗೋಬೇಡಿ. ಕಂಬ, ಟ್ರೈಲರ್, ಎಂಜಿನ್ ಗಟ್ಟಿ ಇದ್ರೆ ಬರೀ ಅವಕ್ಕೆ ಬೆಲೆ ಕಟ್ಟಿ ತಗೊಳ್ಳಿ, ಮೇಲಿನ ಲೈಟ್ ಬಿಚ್ಚಿ ಎಲ್ಇಡಿ ಹಾಕಿಸಿ. ಯಾಕೆ ಹೀಗೆ ಹೇಳ್ತಿದೀನಿ ಅನ್ನೋದಕ್ಕೆ ಸ್ವಲ್ಪ ಹಳೇ ಕಥೆನೂ ಹೇಳಬೇಕಾಗುತ್ತೆ, ಯಾಕಂದ್ರೆ ಈ ಯಂತ್ರದ ಚರಿತ್ರೆಯಲ್ಲಿ ಕಂಬ ಹಾಗೇ ಉಳಿದು ದೀಪ ಮಾತ್ರ ಬದಲಾಗಿರೋದು ಮೊದಲನೇ ಸಲ ಏನಲ್ಲ.

ಅದಕ್ಕಿಂತ ಮುಂಚೆ ಆ ಆಪರೇಟರ್ ವಿಷಯ. ಪಾಪ, ಅವ್ರು ಹೇಳಿದ್ದು ಪೂರ್ತಿ ನಿಜ. ಮೆಟಲ್ ಹಾಲೈಡ್ ಬಲ್ಬಿನ ಒಳಗೆ ಇನ್ನೊಂದು ಚಿಕ್ಕ ಗಾಜಿನ ಕೊಳವೆ ಇರುತ್ತೆ, ಅದರಲ್ಲಿ ಪಾದರಸ ಮತ್ತೆ ಕೆಲವು ಲೋಹದ ಲವಣ. ತಣ್ಣಗಿದ್ದಾಗ ಒಳಗೆ ಒತ್ತಡ ಕಮ್ಮಿ, ಆರ್ಕ್ (ಎರಡು ತುದಿ ಮಧ್ಯೆ ಹಾರೋ ಕರೆಂಟಿನ ಜ್ವಾಲೆ) ಸುಲಭವಾಗಿ ಹತ್ಕೊಳ್ಳುತ್ತೆ, ಆಮೇಲೆ ಮೂರ್ನಾಲ್ಕು ನಿಮಿಷದಲ್ಲಿ ಅದೆಲ್ಲ ಆವಿಯಾಗಿ ಪೂರ್ತಿ ಬೆಳಕು ಬರುತ್ತೆ. ಈಗ ಉರೀತಾ ಇರೋವಾಗ ಒಂದು ಕ್ಷಣ ವೋಲ್ಟೇಜ್ ಕುಸಿದ್ರೂ ಆರ್ಕ್ ಕಟ್ ಆಗುತ್ತೆ, ಆದ್ರೆ ಒಳಗಿನ ಆವಿ ಬಿಸಿ ಇದ್ದು ಒತ್ತಡ ಹಾಗೇ ಇರುತ್ತೆ, ಆ ಒತ್ತಡದಲ್ಲಿ ಮತ್ತೆ ಆರ್ಕ್ ಹತ್ತಿಸೋಕೆ ಮಾಮೂಲಿ ಬ್ಯಾಲಾಸ್ಟ್ (ಬಲ್ಬಿಗೆ ಕರೆಂಟ್ ಹದ ಮಾಡಿ ಕೊಡೋ ಚೋಕ್) ಕೊಡೋ ವೋಲ್ಟೇಜ್ ಏನೇನೂ ಸಾಕಾಗಲ್ಲ, ಹಾಗಾಗಿ ಹತ್ತರಿಂದ ಇಪ್ಪತ್ತು ನಿಮಿಷ ಕಾಯಲೇಬೇಕು. ಮಿಕ್ಸಿ ಮೋಟ್ರು ಸ್ಟಾರ್ಟ್ ಆಗೋವಾಗ ಅದರ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತೆ, ಸಣ್ಣ ಜನರೇಟರ್ ಆಗ ಒಮ್ಮೆ ಬಗ್ಗುತ್ತೆ, ಅಷ್ಟೇ ಸಾಕು. ಎಲ್ಇಡಿಗೆ ಈ ಕಾಯಿಲೆ ಇಲ್ಲ, ಕಣ್ಣು ಮಿಟುಕಿಸಿ ಮತ್ತೆ ಹತ್ಕೊಳ್ಳುತ್ತೆ.

ಇದ್ರ ಜೊತೆಗೆ ಒಂದು ವಿಷಯ ಖಂಡಿತ ಗೊತ್ತಿರಲಿ. ಮೆಟಲ್ ಹಾಲೈಡ್ ಬಲ್ಬಿನ ಹೊರಗಿನ ಗಾಜು ಒಡೆದ್ರೂ ಒಳಗಿನ ಕೊಳವೆ ಉರೀತಾನೇ ಇರಬಹುದು. ಬೆಳಕು ಬರ್ತಿದೆಯಲ್ಲ ಅಂತ ಹುಡುಗರು ಹಾಗೇ ಬಿಟ್ಬಿಡ್ತಾರೆ. ಆ ಹೊರಗಿನ ಗಾಜೇ ಅಲ್ಟ್ರಾವಯಲೆಟ್ ತಡೆಯೋದು, ಅದಿಲ್ಲದೇ ಇದ್ರೆ ಕೆಳಗೆ ನಿಂತವ್ರಿಗೆ ವೆಲ್ಡಿಂಗ್ ನೋಡಿದವ್ರಿಗೆ ಆಗೋ ತರ ರಾತ್ರಿಯೆಲ್ಲ ಕಣ್ಣುರಿ, ನೀರು, ಚರ್ಮ ಕೆಂಪಾಗೋದು ಎಲ್ಲ ಆಗುತ್ತೆ. ಮುಂದಿನ ಗ್ಲಾಸ್ ಇಲ್ಲದ, ಒಡೆದ ಬಲ್ಬಿರೋ ಲೈಟನ್ನ ಒಂದು ನಿಮಿಷನೂ ಹಚ್ಚಬೇಡಿ.

ಇನ್ನು ಮಿಲಿಟರಿ ಐಟಂ ಅನ್ನೋ ಮಾತು. ಯುದ್ಧದಲ್ಲಿ ದೊಡ್ಡ ದೊಡ್ಡ ಸರ್ಚ್‌ಲೈಟ್ ಬಳಸಿದ್ದು ನಿಜ, ಎರಡನೇ ಮಹಾಯುದ್ಧದಲ್ಲಿ 1944ರಲ್ಲಿ ಬ್ರಿಟಿಷರು ಸರ್ಚ್‌ಲೈಟಿನ ಬೆಳಕನ್ನ ಮೋಡಕ್ಕೆ ಹೊಡೆದು, ಅಲ್ಲಿಂದ ವಾಪಸ್ ಬೀಳೋ ಮಂಕು ಬೆಳಕಲ್ಲಿ ಸೈನಿಕರನ್ನ ನಡೆಸಿದ್ದೂ ನಿಜ. ಆದ್ರೆ ಸರ್ಚ್‌ಲೈಟ್ ಕೆಲಸ ದೂರದ ಒಂದು ಚುಕ್ಕೆ ಹುಡುಕೋದು. ಒಂದು ಜಾಗಕ್ಕೆ ಕಂಬ ತಗೊಂಡು ಹೋಗಿ ನಿಲ್ಲಿಸಿ ನೆಲಕ್ಕೆ ಸಮವಾಗಿ ಬೆಳಕು ಬೀಳ್ಸೋ ಯೋಚನೆ ಬಂದಿದ್ದು ಬೇರೆ ಕಡೆಯಿಂದ, ಹೆಚ್ಚಾಗಿ ಕಟ್ಟಡ ಕೆಲಸದಿಂದ ಮತ್ತೆ ನಿಮ್ಮ ಲೈನಿಂದಾನೇ, ಅಂದ್ರೆ ರಾತ್ರಿ ಆಟ ತೋರ್ಸೋದ್ರಿಂದ.

1878ರ ಅಕ್ಟೋಬರ್ 14ಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಬ್ರಾಮಲ್ ಲೇನ್ ಮೈದಾನದಲ್ಲಿ ಎಲೆಕ್ಟ್ರಿಕ್ ಬೆಳಕಲ್ಲಿ ಫುಟ್ಬಾಲ್ ಆಡ್ಸಿದ್ರು. ಎಡಿಸನ್ ಬಲ್ಬು ಇನ್ನೂ ಬಂದಿರ್ಲಿಲ್ಲ ಆಗ. ನಾಲ್ಕು ಮೂಲೆಗೆ 30 ಅಡಿ ಎತ್ತರದ ಮರದ ಅಟ್ಟಣಿಗೆ, ಅದರ ಮೇಲೆ ಕಾರ್ಬನ್ ಆರ್ಕ್ ಲ್ಯಾಂಪು, ಕರೆಂಟಿಗೆ ಗೋಲುಗಳ ಹಿಂದೆ ಎಂಜಿನ್ನಿಂದ ತಿರುಗೋ ಸೀಮೆನ್ಸ್ ಡೈನಮೋ. ಕ್ಲೆಗ್ ಅಂತ ಅಣ್ಣತಮ್ಮ ಇಬ್ರು, ಒಬ್ಬೊಬ್ರು ಒಂದೊಂದು ಟೀಮಿಗೆ ಕ್ಯಾಪ್ಟನ್. ಸುಮಾರು 20,000 ಜನ ಸೇರಿದ್ರಂತೆ, ಕತ್ತಲಲ್ಲಿ ಟಿಕೆಟ್ ತಗೊಳ್ದೇ ನುಗ್ಗಿದವ್ರೂ ಅದರಲ್ಲಿ ಸಾಕಷ್ಟು, ಟಿಕೆಟ್ ಟೂರ್ನಮೆಂಟ್ ಮಾಡೋವ್ರಿಗೆ ಆ ಕಷ್ಟ ಇವತ್ತೂ ಇದೆ. ಆಟಗಾರರಿಂದ ಬಂದ ಕಂಪ್ಲೇಂಟು ಏನು ಗೊತ್ತಾ, ಕಣ್ಣಿಗೆ ಹೊಡೆಯುತ್ತೆ ಅಂತ. ನೂರೈವತ್ತು ವರ್ಷ ಆಗ್ತಾ ಬಂತು, ನನಗೆ ಫೋನ್ ಮಾಡೋ ಟೂರ್ನಮೆಂಟ್ ಕಮಿಟಿಯವ್ರೂ ಅದನ್ನೇ ಹೇಳ್ತಾರೆ. ಇನ್ನೊಂದು ಗಮನಿಸಿ, ಅವತ್ತಿನ ಎತ್ತರ 30 ಅಡಿ, ನಿಮಗೆ ಮಾರ್ತಿರೋ ಟವರಿನ ನೇಮ್ ಪ್ಲೇಟ್ ನೋಡಿದ್ರೂ ಹೆಚ್ಚುಕಮ್ಮಿ 9 ಮೀಟರ್ ಅಂತ ಇರುತ್ತೆ, ಅದೇ 30 ಅಡಿ.

ಅದೇ ಕಾಲದಲ್ಲಿ ಕರೆಂಟಿಲ್ಲದ ಕಡೆ ದೊಡ್ಡ ಕೆಲಸ ಮಾಡೋವ್ರು ಎಣ್ಣೆ ಬೆಂಕಿ ನಂಬಿಕೊಂಡಿದ್ರು. ಸ್ಕಾಟ್ಲೆಂಡಿನ ಫೋರ್ತ್ ರೈಲ್ವೆ ಸೇತುವೆ 1882ರಿಂದ 1890ರ ತನಕ ಕಟ್ಟಿದ್ದು, ಅಲ್ಲಿ ಲೂಸಿಜೆನ್ ಅನ್ನೋ ದೀಪ ಬಳಸಿದ್ರು, ಕಂಪ್ರೆಸರ್ ಗಾಳಿಯಿಂದ ಎಣ್ಣೆನ ತುಂತುರು ಮಾಡಿ ಉರ್ಸೋದು. 1880ರ ದಶಕದ ಕೊನೆಗೆ ವೆಲ್ಸ್ ಲೈಟ್ ಬಂತು, ಟ್ಯಾಂಕಲ್ಲಿ ಸೀಮೆಎಣ್ಣೆ ತುಂಬಿ ಕೈಲಿ ಪಂಪ್ ಹೊಡೆದು, ಬಿಸಿ ಕೊಳವೆಯಲ್ಲಿ ಆವಿ ಮಾಡಿ ದೊಡ್ಡ ಜ್ವಾಲೆಯಾಗಿ ಉರ್ಸೋದು. ರೈಲ್ವೆ, ಬಂದರು, ಸೇತುವೆ ಕೆಲಸ ಎಲ್ಲ ಕಡೆ ಅದೇ. ನಿಮ್ಮ ಅಪ್ಪ ಬಾಡಿಗೆಗೆ ಕೊಡ್ತಿದ್ರಲ್ಲ ಗ್ಯಾಸ್‌ಲೈಟು, ಅದೂ ಇದೇ ವಂಶ. ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಪೇಟೆಂಟ್ ಮಾಡಿದ, ಬಿಸಿಗೆ ಬೆಳ್ಳಗೆ ಹೊಳೆಯೋ ಬಲೆ ಚೀಲದಂಥ ಮ್ಯಾಂಟಲ್‌ನ, ಪಂಪ್ ಹೊಡೆದು ಆವಿ ಮಾಡಿದ ಸೀಮೆಎಣ್ಣೆಗೆ ಜೋಡಿಸಿ ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ 1910ರ ಸುಮಾರಿಗೆ ಪೆಟ್ರೋಮ್ಯಾಕ್ಸ್ ಅಂತ ಮಾರ್ಕೆಟ್ಟಿಗೆ ತಂದ್ರು. ದೊಂದಿ ಬೆಳಕಲ್ಲಿ ಆಡ್ತಿದ್ದ ಯಕ್ಷಗಾನ ಗ್ಯಾಸ್‌ಲೈಟಿಗೆ ಬಂದಿದ್ದು, ಮದುವೆ ಮೆರವಣಿಗೇಲಿ ತಲೆ ಮೇಲೆ ಲೈಟ್ ಹೊತ್ತು ನಡೆದಿದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದ್ವು, ಆದ್ರೆ ಮಲೆನಾಡಿನ ಹಳ್ಳಿಗಳಿಗೆ ಲೈನ್ ಬರೋಕೆ ಎಷ್ಟೋ ದಶಕ ಆಯ್ತು, ಅಲ್ಲಿ ತನಕ ರಾತ್ರಿ ಕಾರ್ಯಕ್ರಮ ನಡೆಸಿಕೊಟ್ಟಿದ್ದು ನಿಮ್ಮ ಅಪ್ಪನಂಥವ್ರೇ. ಮ್ಯಾಂಟಲ್ ಉದುರದ ಹಾಗೆ ಲೈಟ್ ಸಾಗ್ಸೋದು, ಆಟದ ಮಧ್ಯೆ ಪಂಪ್ ಹೊಡೆಯೋದು ದೊಡ್ಡ ಕಸುಬು, ನನಗೆ ಅದರ ಮೇಲೆ ಬಹಳ ಗೌರವ.

ಕಂಬ ಉಳಿದು ದೀಪ ಬದಲಾಯ್ತು ಅಂದ್ನಲ್ಲ, ಅದಕ್ಕೆ ಒಳ್ಳೇ ಉದಾಹರಣೆ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ಊರು. 1894-95ರಲ್ಲಿ ಅಲ್ಲಿ 165 ಅಡಿ ಎತ್ತರದ 31 ಕಬ್ಬಿಣದ ಟವರ್ ನಿಲ್ಲಿಸಿ ಮೇಲೆ ಆರ್ಕ್ ಲ್ಯಾಂಪ್ ಇಟ್ರು, ಊರಿಗೆಲ್ಲ ಬೆಳದಿಂಗಳ ತರ ಬೆಳಕು. ಕಾರ್ಬನ್ ಕಡ್ಡಿ ಸುಟ್ಟು ಹೋಗ್ತಿದ್ರಿಂದ ದಿನಾ ಆಳು ಮೇಲೆ ಹೋಗಿ ಬದಲಾಯಿಸಬೇಕಿತ್ತು. 1920ರ ದಶಕದಲ್ಲಿ ಆರ್ಕ್ ತೆಗೆದು ಮಾಮೂಲಿ ಬಲ್ಬ್ ಹಾಕಿದ್ರು, 1936ರಲ್ಲಿ ಅದನ್ನೂ ತೆಗೆದು ಮರ್ಕ್ಯುರಿ ವೇಪರ್, ಅಂದ್ರೆ ಪಾದರಸದ ಆವಿಯ ಲ್ಯಾಂಪು. ಆ ಟವರುಗಳಲ್ಲಿ ಕೆಲವು ಇವತ್ತೂ ನಿಂತಿವೆ.

ಇವು ಜಾಗ ಬಿಟ್ಟು ಕದಲದ ಕಂಬಗಳು. ಊರೂರಿಗೆ ಒಯ್ಯೋ ಟವರ್ ಅಂದ್ರೆ ನನಗೆ ತುಂಬಾ ಇಷ್ಟವಾದ ಕಥೆ 1930ರದ್ದು. ಅಮೆರಿಕದಲ್ಲಿ ಆಗ ಕಪ್ಪು ಆಟಗಾರರನ್ನ ದೊಡ್ಡ ಬೇಸ್‌ಬಾಲ್ ಲೀಗಿಗೆ ಸೇರ್ಸ್ಕೊಳ್ತಿರ್ಲಿಲ್ಲ, ಅವರದ್ದೇ ಬೇರೆ ಲೀಗ್ ಇತ್ತು, ಅದರಲ್ಲಿ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ಅನ್ನೋ ಟೀಮು. ಆರ್ಥಿಕ ಕುಸಿತದ ಕಾಲ, ಹಗಲು ಕೂಲಿ ಬಿಟ್ಟು ಮ್ಯಾಚ್ ನೋಡೋಕೆ ಜನ ಬರೋ ಹಾಗಿಲ್ಲ. ಟೀಮಿನ ಓನರ್ ಜೆ.ಎಲ್. ವಿಲ್ಕಿನ್ಸನ್ ಸಾಲ ಸೋಲ ಮಾಡಿ ಲಾರಿ ಮೇಲೆ ಮಡಚಿಟ್ಟು ಎತ್ತೋ ಅಂಥ, ಸುಮಾರು 45-50 ಅಡಿ ಏರೋ ಲೈಟ್ ಕಂಬಗಳನ್ನೂ 250 ಹಾರ್ಸ್ ಪವರ್ ಎಂಜಿನ್ ಇರೋ ಜನರೇಟರನ್ನೂ ಮಾಡಿಸಿದ್ರು. 1930ರ ಏಪ್ರಿಲ್ 28ಕ್ಕೆ ಒಕ್ಲಹೋಮಾದ ಈನಿಡ್ ಊರಲ್ಲಿ ಆ ಲೈಟಲ್ಲಿ ಮ್ಯಾಚ್ ಆಡಿದ್ರು. ಸಂಜೆ ಹೊತ್ತಿಗೆ ಊರಿಗೆ ಬಂದು, ಲೈಟ್ ಎತ್ತಿ, ಆಡಿ, ಮಡಚ್ಕೊಂಡು ಮುಂದಿನ ಊರಿಗೆ, ಥೇಟ್ ನಿಮ್ಮ ಬಿಸಿನೆಸ್ಸು. ಜನರೇಟರ್ ಸದ್ದು ವಿಪರೀತ ಇತ್ತು, ಬಾಲ್ ಲೈಟಿಗಿಂತ ಮೇಲೆ ಹೋದ್ರೆ ಕತ್ತಲಲ್ಲಿ ಮಾಯ. ಆದ್ರೂ ಜನ ಕಿಕ್ಕಿರಿದು ಬಂದ್ರು, ಟೀಮ್ ಬದುಕ್ಕೊಳ್ತು. ಬಿಳಿಯರ ಮೇಜರ್ ಲೀಗಲ್ಲಿ ಮೊದಲ ರಾತ್ರಿ ಮ್ಯಾಚ್ ನಡೆದಿದ್ದು 1935ರ ಮೇ 24ಕ್ಕೆ ಸಿನ್ಸಿನಾಟಿಲಿ, ಐದು ವರ್ಷ ತಡವಾಗಿ. ವಿಲ್ಕಿನ್ಸನ್ ಅವರಿಗೆ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2006ರಲ್ಲಿ, ಅವರು ತೀರ್ಕೊಂಡು ಎಷ್ಟೋ ವರ್ಷ ಆದ ಮೇಲೆ. ಇಂಥ ಕೆಲಸ ಮಾಡಿದವ್ರ ಹೆಸರು ನಮ್ಮ ಲೈನಿನವ್ರಿಗೆ ಗೊತ್ತಿರಬೇಕು ಅಂತ ನನ್ನ ಆಸೆ.

ಅಲ್ಲಿಂದ ಮುಂದಕ್ಕೆ ಬೇಗ ಹೇಳಿ ಮುಗಿಸ್ತೀನಿ. ಹ್ಯಾಲೊಜನ್ ಬಲ್ಬ್ 1950ರ ದಶಕದ ಕೊನೆಗೆ ಬಂತು, ಚಿಕ್ಕದು, ಗಟ್ಟಿ, ಆದ್ರೆ ಒಂದು ವ್ಯಾಟಿಗೆ 20 ಲ್ಯೂಮೆನ್ (ಲ್ಯೂಮೆನ್ ಅಂದ್ರೆ ಒಟ್ಟು ಬೆಳಕಿನ ಅಳತೆ) ಆಸುಪಾಸು, ಉಳಿದಿದ್ದೆಲ್ಲ ಬಿಸಿ. ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿಯ ಗಿಲ್ಬರ್ಟ್ ರೈಲಿಂಗ್ 1960ರ ದಶಕದ ಶುರುವಲ್ಲಿ ಮಾಡಿದ ಮೆಟಲ್ ಹಾಲೈಡ್ ವ್ಯಾಟಿಗೆ ನೂರರ ಹತ್ರ ಕೊಡ್ತು, ಹಾಗಾಗಿ ಅದು ಬಂದ ಮೇಲೆ 1000 ವ್ಯಾಟಿನ ನಾಲ್ಕು ತಲೆ, ಎಳೆದು ಉದ್ದ ಮಾಡೋ ಕಂಬ, ಕೆಳಗೊಂದು ಡೀಸೆಲ್ ಎಂಜಿನ್ ಅನ್ನೋ ಅಚ್ಚು ಕೂತ್ಬಿಡ್ತು, ನೀವು ನೋಡ್ತಿರೋದು ಅದನ್ನೇ. ಆಮೇಲೆ 1993ರಲ್ಲಿ ಜಪಾನಿನ ನಕಮುರಾ ಪ್ರಖರವಾದ ನೀಲಿ ಎಲ್ಇಡಿ ಮಾಡಿ ತೋರ್ಸಿದ್ರು, ಅದರ ಮೇಲೆ ಹಳದಿ ಫಾಸ್ಫರ್ ಪುಡಿ (ನೀಲಿ ಬೆಳಕನ್ನ ಹಳದಿ ಮಾಡೋದು) ಹಚ್ಚಿದ್ರೆ ಬಿಳಿ ಬೆಳಕು. ನೀಲಿ ಎಲ್ಇಡಿಗೆ 2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಮೂವರಿಗೂ ನೊಬೆಲ್ ಬಂತು. ಈಗ ಒಳ್ಳೇ ಫ್ಲಡ್‌ಲೈಟು ವ್ಯಾಟಿಗೆ 130 ಲ್ಯೂಮೆನ್ ಮೇಲೆ ಕೊಡುತ್ತೆ.

ಈಗ "ಎಲ್ಇಡಿ ದೂರಕ್ಕೆ ಹೊಡೆಯಲ್ಲ" ಅನ್ನೋ ಮಾತಿಗೆ ಬರೋಣ. ಇದು ಪೂರ್ತಿ ಸುಳ್ಳೂ ಅಲ್ಲ. ಲೆನ್ಸ್ ಇಲ್ಲದ ಅಗ್ಗದ ಫ್ಲಡ್‌ಲೈಟು ಬೆಳಕನ್ನ ಸುತ್ತ ಚೆಲ್ಲುತ್ತೆ, ನಿಮ್ಮ ಗೆಳೆಯರು ನೋಡಿರೋದು ಅದೇ ಇರುತ್ತೆ. ಬೆಳಕು ಎಷ್ಟು ದೂರ ಹೋಗುತ್ತೆ ಅನ್ನೋದು ಅದರ ಮುಂದಿರೋ ಲೆನ್ಸು ರಿಫ್ಲೆಕ್ಟರಿನ ಮೇಲೆ ನಿಂತಿದೆ, ಬಲ್ಬಿನ ಜಾತಿ ಮೇಲಲ್ಲ. ಲೆಕ್ಕನೂ ನೋಡಿ: ನಾಲ್ಕು ಮೆಟಲ್ ಹಾಲೈಡ್ ಅಂದ್ರೆ ಪೇಪರ್ ಮೇಲೆ ಸುಮಾರು 4 ಲಕ್ಷ ಲ್ಯೂಮೆನ್, 300 ವ್ಯಾಟಿನ ನಾಲ್ಕು ಎಲ್ಇಡಿ ಅಂದ್ರೆ ಸುಮಾರು 1 ಲಕ್ಷ 56 ಸಾವಿರ. ಅರ್ಧಕ್ಕಿಂತ ಕಮ್ಮಿ ಆಯ್ತಲ್ಲ ಅಂತೀರ. ಆದ್ರೆ ಮೆಟಲ್ ಹಾಲೈಡ್ ಎಲ್ಲಾ ದಿಕ್ಕಿಗೂ ಬೆಳಕು ಬಿಡೋದು, ರಿಫ್ಲೆಕ್ಟರಲ್ಲೇ ಮೂರನೇ ಒಂದು ಭಾಗ ಹೋಗುತ್ತೆ, ಬಲ್ಬು ಅರ್ಧ ಆಯಸ್ಸು ಸವೆಸಿದ್ರೆ ಇನ್ನೊಂದು ಕಾಲು ಭಾಗದಷ್ಟು ಹೋಗುತ್ತೆ, ರಸ್ತೆ ಧೂಳು ತಿಂದ ರಿಫ್ಲೆಕ್ಟರ್ ಆದ್ರಂತೂ ಕೇಳಲೇಬೇಡಿ. ಕೊನೆಗೆ ನೆಲಕ್ಕೆ ಬೀಳೋದ್ರಲ್ಲಿ ಎರಡಕ್ಕೂ ಅಂಥ ದೊಡ್ಡ ವ್ಯತ್ಯಾಸ ಉಳಿಯಲ್ಲ. ಹೊಸ ಬಲ್ಬು, ತೊಳೆದ ರಿಫ್ಲೆಕ್ಟರ್ ಇದ್ರೆ ಮೆಟಲ್ ಹಾಲೈಡ್ ಮುಂದೆ ಇರುತ್ತೆ, ಅದನ್ನೂ ಒಪ್ಕೋಬೇಕು. ಇಡೀ ಕ್ರಿಕೆಟ್ ಮೈದಾನ, ಕ್ವಾರಿ ಅಂಥದ್ದಕ್ಕೆ ಅದು ಲೆಕ್ಕಕ್ಕೆ ಬರುತ್ತೆ. ನಿಮಗೆ ಬೇಕಿರೋದು ವಾಲಿಬಾಲ್ ಕೋರ್ಟು, 18 ಮೀಟರ್ ಉದ್ದ 9 ಮೀಟರ್ ಅಗಲ, ಸುತ್ತಿನ ಜಾಗ ಸೇರ್ಸಿದ್ರೂ 360 ಚದರ ಮೀಟರ್ ಹಿಡೀರಿ, ಊರ ಮಟ್ಟದ ಟೂರ್ನಮೆಂಟಿಗೆ ನಾನು 200 ಲಕ್ಸ್, ಅಂದ್ರೆ ಚದರ ಮೀಟರಿಗೆ 200 ಲ್ಯೂಮೆನ್, ಇಟ್ಕೊಂಡು ಲೆಕ್ಕ ಹಾಕ್ತೀನಿ, ಅಂದ್ರೆ 72,000 ಲ್ಯೂಮೆನ್ ಕೋರ್ಟಿನ ಒಳಗೆ ಬೀಳಬೇಕು, ಅರ್ಧ ಆಚೀಚೆ ಚೆಲ್ಲಿದ್ರೂ ಆ ನಾಲ್ಕು ಎಲ್ಇಡಿ ಸಾಕು.

ಮಂಜಿಗೆ ಹಳದಿ ಬೇಕು ಅನ್ನೋದು ಹಳೇ ನಂಬಿಕೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು, ಹಳದಿನೂ ಬಿಳಿನೂ ಒಂದೇ ತರ ಚದುರಿಸ್ತವೆ. ಮಂಜಲ್ಲಿ ಕಣ್ಣಿಗೆ ಬಿಳಿ ಪರದೆ ಕಟ್ಟಿದ ಹಾಗೆ ಆಗೋದು ಲೈಟು ನೋಡೋವ್ರ ಕಣ್ಣಿನ ನೇರಕ್ಕೆ, ತಗ್ಗಲ್ಲಿ ಇದ್ದಾಗ. ಮೇಲಿಂದ, ಬದಿಯಿಂದ ಬೀಳಿಸಿದ್ರೆ ಕಾಣುತ್ತೆ. ಆದ್ರೆ ಹುಳದ ವಿಷಯಕ್ಕೆ ಬೆಳಕಿನ ಬಣ್ಣ ಮುಖ್ಯ. ಮೆಟಲ್ ಹಾಲೈಡಲ್ಲಿ ಅಲ್ಟ್ರಾವಯಲೆಟ್ ಅಂಶ ಇರೋದ್ರಿಂದ ಮೊದಲ ಮಳೆ ಬಿದ್ದ ರಾತ್ರಿ ರೆಕ್ಕೆ ಹುಳ ಮೋಡ ಕಟ್ಟಿದ ಹಾಗೆ ಬಂದು ಕೋರ್ಟ್ ಮೇಲೆ ಉದುರುತ್ತೆ, ಎಲ್ಇಡಿಗೆ ಕಮ್ಮಿ, ಅದರಲ್ಲೂ ಸ್ವಲ್ಪ ಬೆಚ್ಚನೆ ಬಣ್ಣದ 4000 ಕೆಲ್ವಿನ್ ತಗೊಂಡ್ರೆ ಇನ್ನೂ ಕಮ್ಮಿ.

ಈಗ ನಿಮ್ಮ ಮುಂದಿರೋ ದಾರಿಗಳು. ಇದ್ದ ಹಾಗೇ ತಗೊಂಡು ಓಡ್ಸೋದು ಒಂದು. ಗಂಟೆಗೆ ಒಂದೂವರೆಯಿಂದ ಎರಡು ಲೀಟರ್ ಡೀಸೆಲ್, ಬಲ್ಬ್ ಬ್ಯಾಲಾಸ್ಟ್ ಕೆಪಾಸಿಟರ್ ಖರ್ಚು, ಆ ಹದಿನೈದು ನಿಮಿಷದ ಕತ್ತಲೆ ಭಯ. ನಾನು ಬೇಡ ಅಂತೀನಿ.

ಕಂಬ ಇಟ್ಕೊಂಡು ಎಲ್ಇಡಿ ಹಾಕ್ಸೋದು ಇನ್ನೊಂದು, ನನ್ನ ಮನಸ್ಸು ಇದರ ಕಡೆಗೇ. ಆದ್ರೆ ಇದರಲ್ಲೊಂದು ಗುಂಡಿ ಇದೆ, ಲೈಟ್ ಮಾರೋವ್ರು ಹೇಳಲ್ಲ. ನಾಲ್ಕೂವರೆ ಕಿಲೋವ್ಯಾಟ್ ಲೋಡಿಗೆ ಅಂತ ಇಟ್ಟ ಎಂಜಿನ್ನಿಗೆ ನೀವು ಬರೀ 1.2 ಕಿಲೋವ್ಯಾಟ್ ಕೊಟ್ರೆ ಅದು ಸರಿಯಾಗಿ ಬಿಸಿನೇ ಆಗಲ್ಲ, ಡೀಸೆಲ್ ಪೂರ್ತಿ ಉರಿಯಲ್ಲ, ಕೆಲವು ತಿಂಗಳಲ್ಲಿ ಸೈಲೆನ್ಸರ್ ಜಾಯಿಂಟಿಂದ ಕಪ್ಪು ಎಣ್ಣೆ ಒಸರೋಕೆ ಶುರುವಾಗುತ್ತೆ, ಹಾಗೇ ಬಿಟ್ರೆ ರಿಂಗು ಇಂಜೆಕ್ಟರ್ ಹಾಳು. ಇದಕ್ಕೆ ಮದ್ದು ನಿಮ್ಮ ಹತ್ರಾನೇ ಇದೆ, ನಿಮ್ಮ ಸೌಂಡ್ ಸಿಸ್ಟಮ್ಮು, ಶಾಮಿಯಾನದ ಲೈಟು, ಅಂಗಡಿ ಸಾಲಿನ ಲೈಟು ಅದೇ ಜನರೇಟರಿಗೆ ಹಾಕಿ, ಲೋಡು ಅರ್ಧಕ್ಕಿಂತ ಮೇಲೆ ಇರಲಿ. ಮಿಕ್ಸಿ ಮಾತ್ರ ಆ ಲೈನಿಗೆ ಬೇಡ. ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷ ಬಿಟ್ಟು ಲೈಟ್ ಹಾಕಿ, ನಿಲ್ಲಿಸೋವಾಗ ಮೊದಲು ಲೈಟ್ ಆಫ್ ಮಾಡಿ ಆಮೇಲೆ ಎಂಜಿನ್. ಇದನ್ನ ಉಲ್ಟಾ ಮಾಡಿ ಎಲ್ಇಡಿ ಡ್ರೈವರ್ (ಎಲ್ಇಡಿಗೆ ಕರೆಂಟ್ ಹದ ಮಾಡಿ ಕೊಡೋ ಸರ್ಕ್ಯೂಟು) ಸುಟ್ಕೊಂಡವ್ರನ್ನ ಬಹಳ ನೋಡಿದೀನಿ. ಲೈಟ್ ತಗೊಳೋವಾಗ ಅಂಗಡೀಲೇ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ, 300 ವ್ಯಾಟ್ ಅಂದ್ರೆ 230 ವೋಲ್ಟಿಗೆ ಸುಮಾರು 1.3 ಆಂಪಿಯರ್ ತೋರ್ಸಬೇಕು. ಡಬ್ಬ ಮೇಲೆ 400 ಬರೆದು ಅರ್ಧಕ್ಕಿಂತ ಕಮ್ಮಿ ಎಳೆಯೋ ಮಾಲು ಮಾರ್ಕೆಟ್ ತುಂಬಾ ಇದೆ. ಮತ್ತೆ ನಾಲ್ಕು ಹೊಸ ಲೈಟಿನ ಒಟ್ಟು ತೂಕ, ಗಾಳಿಗೆ ಒಡ್ಡೋ ಅಗಲ ಎರಡೂ ಹಳೇ ಲೈಟಿಗಿಂತ ಜಾಸ್ತಿ ಆಗಬಾರದು, ಕಂಬ ಅದಕ್ಕೆ ಲೆಕ್ಕ ಹಾಕಿ ಮಾಡಿದ್ದು.

ಹೊಸ ಎಲ್ಇಡಿ ಟವರೇ ತಗೊಂಡ್ರೆ ಚಿಕ್ಕ ಎಂಜಿನ್, ಗಂಟೆಗೆ ಅರ್ಧ ಲೀಟರ್ ಆಸುಪಾಸು, ಸದ್ದು ಕಮ್ಮಿ, ದುಡ್ಡು ಜಾಸ್ತಿ. ವರ್ಷಪೂರ್ತಿ ರಸ್ತೆ ಕೆಲಸಕ್ಕೂ ಬಾಡಿಗೆ ಸಿಗೋ ಹಾಗಿದ್ರೆ ಮಾತ್ರ ಅದು ಗಿಟ್ಟುತ್ತೆ. ಬ್ಯಾಟರಿದು ಕೇಳಿದ್ರೆ, 1.2 ಕಿಲೋವ್ಯಾಟ್ ಆರು ಗಂಟೆ ಅಂದ್ರೆ 7.2 ಯೂನಿಟ್, 48 ವೋಲ್ಟ್ 200 ಆಂಪಿಯರ್ ಅವರಿನ ಲಿಥಿಯಂ ಬ್ಯಾಟರಿ ಅದನ್ನ ಎಳೆಯುತ್ತೆ, ಹಗಲು ಮನೇಲಿ ಚಾರ್ಜ್ ಮಾಡ್ಕೊಂಡು ಹೋಗಬಹುದು. ತಾಳಮದ್ದಳೆ, ಯಕ್ಷಗಾನ ಇರೋ ಕಡೆ ಜನರೇಟರ್ ಸದ್ದಿಲ್ಲದೇ ಲೈಟ್ ಕೊಟ್ರೆ ಜನ ನಿಮ್ಮನ್ನೇ ಹುಡುಕ್ಕೊಂಡು ಬರ್ತಾರೆ. ಸೋಲಾರ್ ಟವರ್ ಬೇಸಿಗೆಗೆ ಸರಿ, ಮಲೆನಾಡಿನ ಮಳೆಗಾಲಕ್ಕೆ ಅದನ್ನೇ ನಂಬಬೇಡಿ. ಇನ್ನು ಪೊಲೀಸ್, ಅಗ್ನಿಶಾಮಕ ದಳದವ್ರು ತರ್ತಾರಲ್ಲ ಆಸ್ಕಾ ಲೈಟು, ಬ್ಲೋವರ್ ಗಾಳಿಗೆ ಉಬ್ಬಿ ನಿಲ್ಲೋ ಬಟ್ಟೆ ಕಂಬ, ಅದು ಗುಡ್ಡ ಕುಸಿದ ಕಡೆ, ಆಕ್ಸಿಡೆಂಟ್ ಆದ ಕಡೆ ಕೆಲವೇ ನಿಮಿಷದಲ್ಲಿ ನಿಲ್ಲಿಸೋಕೆ ಬಹಳ ಒಳ್ಳೇದು, ಸುತ್ತ ಎಲ್ಲಾ ಕಡೆ ಬೆಳಕು ಚೆಲ್ಲುತ್ತೆ, ಆಟದ ಕೋರ್ಟಿಗೆ ಮಾಡಿದ್ದಲ್ಲ.

ಟವರ್ ನೋಡೋಕೆ ಹೋದಾಗ ಎಂಜಿನ್ ಸದ್ದಿಗೆ ಮರುಳಾಗಬೇಡಿ, ಮೊದಲು ವೈರ್ ರೋಪ್, ಅಂದ್ರೆ ಕಂಬ ಎಳೆಯೋ ಉಕ್ಕಿನ ಹಗ್ಗ ನೋಡಿ. ಕಂಬ ಪೂರ್ತಿ ಇಳಿಸಿ, ಹಳೇ ಕಾಟನ್ ಬಟ್ಟೆ ಹಿಡ್ಕೊಂಡು ರೋಪ್ ಉದ್ದಕ್ಕೂ ಮೆಲ್ಲಗೆ ಸವರಿ, ಬರಿಗೈಲಿ ಬೇಡ. ಎಲ್ಲಾದ್ರೂ ಬಟ್ಟೆ ಸಿಕ್ಕಿಹಾಕ್ಕೊಂಡ್ರೆ ಅಲ್ಲಿ ಎಳೆ ಕಿತ್ತಿದೆ ಅಂತ ಅರ್ಥ, ರೋಪು ಬದಲಾಯಿಸದೇ ಕಂಬ ಎತ್ತಬಾರದು. ರಾಟೆ ಹತ್ರ, ವಿಂಚಿನ (ಹ್ಯಾಂಡಲ್ ತಿರುಗಿಸಿ ಕಂಬ ಎತ್ತೋ ಸಾಧನ) ಡ್ರಮ್ಮಿಗೆ ಸುತ್ತೋ ಜಾಗದಲ್ಲಿ ಹೆಚ್ಚು ಕಿತ್ತಿರುತ್ತೆ. ವಿಂಚು ಅರ್ಧಕ್ಕೆ ಎತ್ತಿ ಹ್ಯಾಂಡಲ್ ಬಿಟ್ರೂ ಕಂಬ ಅಲ್ಲೇ ನಿಲ್ಲಬೇಕು, ಒಂದಿಂಚು ಜಾರಿದ್ರೂ ಬ್ರೇಕ್ ಹೋಗಿದೆ. ಲಾಕ್ ಪಿನ್ ಬದಲು ಬೋಲ್ಟೋ ಕಬ್ಬಿಣದ ತುಂಡೋ ತೂರಿಸಿದ್ರೆ ಆ ಯಂತ್ರ ನೋಡ್ಕೊಂಡಿರೋ ರೀತಿ ಅಲ್ಲೇ ಗೊತ್ತಾಗುತ್ತೆ. ಕಂಬದ ಜೊತೆ ಮೇಲೆ ಕೆಳಗೆ ಹೋಗೋ ಸುರುಳಿ ಕೇಬಲ್ಲಿನ ಕೆಳಗಿನ ಸುತ್ತುಗಳನ್ನ ಬಗ್ಗಿಸಿ ನೋಡಿ, ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತೆ, ಇಲಿ ಕಡಿದಿರುತ್ತೆ.

ಅರ್ತಿಂಗ್ ವಿಷಯದಲ್ಲಿ ಎಲ್ಲರೂ ಮೋಸ ಹೋಗೋ ಒಂದು ಜಾಗ ಇದೆ. ಪ್ಯಾನೆಲಲ್ಲಿ ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದ್ದ ಮಾತ್ರಕ್ಕೆ ಕಾಪಾಡಲ್ಲ. ಜನರೇಟರಿನ ನ್ಯೂಟ್ರಲ್ಲು ಅದರ ಲೋಹದ ಬಾಡಿಗೂ ಅರ್ತ್ ರಾಡಿಗೂ ಸೇರಿರಬೇಕು, ಇಲ್ಲಾಂದ್ರೆ ಶಾರ್ಟ್ ಆದ್ರೂ ಅದು ಟ್ರಿಪ್ ಆಗಲ್ಲ, ಆಮೇಲೆ ಎರಡನೇ ಕಡೆ ಎಲ್ಲಾದ್ರೂ ಇನ್ಸುಲೇಷನ್ ಹೋದಾಗ ಮುಟ್ಟಿದವ್ರು ಹೋಗ್ತಾರೆ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರ್ಸಿ ಇದೊಂದನ್ನ ಸರಿ ಮಾಡಿಸಿ, ಆರ್‌ಸಿಸಿಬಿ ಟೆಸ್ಟ್ ಬಟನ್ ಪ್ರತಿ ಪ್ರೋಗ್ರಾಂಗೆ ಮುಂಚೆ ಒತ್ತಿ.

ನಿಲ್ಲಿಸೋ ಜಾಗದಲ್ಲಿ ಮೊದಲು ತಲೆ ಎತ್ತಿ ನೋಡಿ. ರಸ್ತೆ ದಾಟೋ 11 ಕೆವಿ ಲೈನಿಗೆ ನಿಯಮದ ಪ್ರಕಾರ ಬೇಕಿರೋ ಕನಿಷ್ಠ ಎತ್ತರ 6.1 ಮೀಟರ್, ನಿಮ್ಮ ಕಂಬ 9 ಮೀಟರ್. ಗದ್ದೆ ಮೇಲೆ ತಂತಿ ಜೋತಿರೋ ಕಡೆ ಇನ್ನೂ ತಗ್ಗಲ್ಲಿ ಇರುತ್ತೆ. ಕಂಬ ಉದ್ದಕ್ಕೆ ಬಿದ್ರೂ ತಂತಿಗೆ ತಾಗದಷ್ಟು ದೂರ ಬಿಡಿ, ಆ ಜಾಗ ಇಲ್ಲಾಂದ್ರೆ ಆ ಕಡೆ ಟವರ್ ಬೇಡ. ಕೊಯ್ಲಾದ ಗದ್ದೆ ಮೇಲೆ ಗಟ್ಟಿ ಕಂಡ್ರೂ ಒಳಗೆ ಮೆದು, ನಾಲ್ಕೂ ಕಾಲಿನ ಜಾಕ್ ಕೆಳಗೆ ದಪ್ಪ ಹಲಗೆ ಕೊಟ್ಟು ಮಟ್ಟ ನೋಡಿ ಕಂಬ ಎತ್ತಿ. ಏಪ್ರಿಲ್ ಮೇ ತಿಂಗಳ ಸಂಜೆ ಮಳೆ ಮುಂಚಿನ ಗಾಳಿ ಎದ್ರೆ ಮ್ಯಾಚ್ ನಿಲ್ಲಿಸಿ ಕಂಬ ಇಳಿಸಿ, ಕಮಿಟಿಯವ್ರು ಏನೇ ಅಂದ್ರೂ ಸರಿ. ಕಂಬಕ್ಕೆ ಪ್ರಾಯೋಜಕರ ಫ್ಲೆಕ್ಸು, ಬಾವುಟದ ಹಗ್ಗ ಕಟ್ಟೋಕೆ ಯಾರಿಗೂ ಬಿಡಬೇಡಿ, ಲೈಟಿಗಿಂತ ಎಷ್ಟೋ ಪಟ್ಟು ಗಾಳಿ ಅದು ಹಿಡಿಯುತ್ತೆ.

ಕಣ್ಣಿಗೆ ಹೊಡೆಯೋ ಸಮಸ್ಯೆಗೆ, ಟವರನ್ನ ಸರ್ವಿಸ್ ಲೈನಿನ ಹಿಂದೆ ನಿಲ್ಲಿಸಲೇಬೇಡಿ, ಉದ್ದದ ಬದಿಗೆ ನಿಲ್ಲಿಸಿ, ಅದೂ ನೆಟ್ ಕಂಬದ ನೇರಕ್ಕಲ್ಲ, ಮೂಲೆ ಕಡೆಗೆ ಸರಿಸಿ, ಯಾಕಂದ್ರೆ ಲಿಫ್ಟ್ ಮಾಡೋ ಆಟಗಾರ ಸದಾ ನೆಟ್ ಮೇಲೇ ನೋಡ್ತಿರ್ತಾನೆ. ಒಂದೇ ಟವರಲ್ಲಿ ನಾಲ್ಕೂ ಲೈಟು ಇಟ್ರೆ ಎದುರಿನ ಆಟಗಾರನ ಮುಂದೆ ಅವನದೇ ನೆರಳು ಬೀಳುತ್ತೆ, ಹಾಗಾಗಿ ಎರಡು ಟವರಲ್ಲಿ, ಕೋರ್ಟಿನ ಎರಡೂ ಬದಿಗೆ, ಎದುರು ಬದುರು ಮೂಲೆಗೆ ಎರಡೆರಡು ಲೈಟ್ ಇಟ್ರೆ ಅಷ್ಟೇ ವ್ಯಾಟಿಗೆ ಬಹಳ ಚೆನ್ನಾಗಿ ಬರುತ್ತೆ. ಎರಡನೇ ಟವರಿಗೆ ಈಗಲೇ ದುಡ್ಡಿಲ್ಲ ಅಂದ್ರೆ ಎದುರು ಬದಿಗೆ ನಿಮ್ಮ ಅಡಿಕೆ ಕಂಬದಲ್ಲೇ ಎರಡು ಲೈಟ್ ಕಟ್ಟಿ, ಇದೇ ಜನರೇಟರಿಂದ ಕೇಬಲ್ ಎಳೀರಿ. ಲೈವ್ ವಿಡಿಯೋ ಮಾಡೋವ್ರಿದ್ರೆ ಒಳ್ಳೇ ಡ್ರೈವರ್ ಇರೋ ಲೈಟೇ ತಗೊಳ್ಳಿ, ಅಗ್ಗದ್ದರಲ್ಲಿ ಮೊಬೈಲ್ ಸ್ಕ್ರೀನ್ ಮೇಲೆ ಕಪ್ಪು ಪಟ್ಟೆ ಓಡ್ತವೆ.

ರೇಟ್ ಮಾತಾಡೋವಾಗ ಬಲ್ಬು ಬ್ಯಾಲಾಸ್ಟಿಗೆ ಸೊನ್ನೆ ಹಾಕಿ, ಹೊಸ ರೋಪು, ಕೇಬಲ್ಲು, ನಾಲ್ಕು ಎಲ್ಇಡಿ, ಎಲೆಕ್ಟ್ರಿಷಿಯನ್ ಖರ್ಚು ಎಲ್ಲ ಕೂಡಿಸಿ, ಅದನ್ನ ಕಳೆದು ಕೇಳಿ. ಎಂಜಿನ್ನು ತಣ್ಣಗಿದ್ದಾಗ್ಲೇ ನಿಮ್ಮ ಮುಂದೆ ಸ್ಟಾರ್ಟ್ ಮಾಡ್ಸಿ, ಮೊದಲೇ ಓಡಿಸಿ ಬಿಸಿ ಮಾಡಿ ಇಟ್ಟಿದ್ರೆ ಇನ್ನೊಂದಿನ ಹೇಳದೇ ಹೋಗಿ. ಎಂಜಿನ್ ಪ್ಲೇಟು, ಅವರ್ ಮೀಟರ್, ವಿಂಚು ಈ ಮೂರರ ಫೋಟೋ ಕಳಿಸಿದ್ರೆ ಆ ರೇಟಿಗೆ ತಗೋಬಹುದೋ ಬಿಡಬೇಕೋ ಹೇಳ್ತೀನಿ.